ಥಾಣೆ ಖಾಡಿಯ ರಾಜಹಂಸ ದೋಣಿವಿಹಾರ: ಐದಕ್ಕೆ ಎರಡು ಅಂಕ

ಕಳೆದ ಜನವರಿಯಲ್ಲಿ, ಹುಣ್ಣಿಮೆಯ ಹಿಂದುಮುಂದಿನ ಒಂದು ಭಾನುವಾರ, ಮುಲುಂಡಿನ ನಮ್ಮ ಸೊಸೈಟಿಯ ಆರು ಕನ್ನಡ ಕುಟುಂಬಗಳ ಒಟ್ಟು 22 ಮಂದಿ ಥಾಣೆ ಖಾಡಿಯ ರಾಜಹಂಸಗಳನ್ನು (ಫ್ಲೆಮಿಂಗೊ) ನೋಡಲು ದೋಣಿಯಲ್ಲಿ ಹೋಗಿ ಬಂದೆವು. ವಿಹಾರವನ್ನು ಏರ್ಪಡಿಸಿದ್ದು ಒಂದು ಖಾಸಗಿ ಸಂಸ್ಥೆ. ದೊಡ್ಡವರಿಗೆ ತಲೆಗೆ 1,200 ರೂಪಾಯಿ, ಮಕ್ಕಳಿಗೆ 800. ಸಂಸ್ಥೆಯ ಹೆಸರನ್ನು ನಾನು ಬರೆಯುವುದಿಲ್ಲ. ಅಂದು ಖಾಡಿಯಲ್ಲಿ ನಮ್ಮ ಹಿಂದೆ ಮುಂದೆ ಓಡಾಡುತ್ತಿದ್ದ ಇನ್ನೆರಡು ದೋಣಿಗಳಲ್ಲಿ ಕಂಡದ್ದೂ ಹೆಚ್ಚುಕಡಿಮೆ ಇದೇ ಆದ್ದರಿಂದ, ಒಬ್ಬರ ಹೆಸರು ಹೇಳಿ ಉಳಿದವರನ್ನು ಬಿಟ್ಟರೆ ನ್ಯಾಯವಾಗುವುದಿಲ್ಲ. ಮುಂಬಯಿ, ಥಾಣೆ, ನವಿ ಮುಂಬಯಿಗಳಲ್ಲಿರುವ ಕನ್ನಡಿಗರು ಚಳಿಗಾಲದಲ್ಲಿ ಇಂಥ ವಿಹಾರಕ್ಕೆ ಹಣ ಕೊಡುವ ಮೊದಲು ಏನನ್ನು ವಿಚಾರಿಸಬೇಕೆಂದು ತಿಳಿಯಲಿ ಎಂಬುದಷ್ಟೇ ಈ ಬರಹದ ಉದ್ದೇಶ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಸ್ಥಳ ಕಾದಿರಿಸುವುದು ಸಲೀಸಾಗಿತ್ತು. ಹಿಂದಿನ ದಿನ ಸಂಜೆ ಅವರೇ ಫೋನ್ ಮಾಡಿ ಹೊರಡುವ ಹೊತ್ತನ್ನು ಖಚಿತಪಡಿಸಿದರು. ಲೈಫ್ ಜಾಕೆಟ್‌ಗಳು ಮಕ್ಕಳ ಅಳತೆಯಲ್ಲಿಯೂ ಇದ್ದವು, ಪ್ರತಿಯೊಬ್ಬರದನ್ನೂ ಮಾರ್ಗದರ್ಶಕ ಹುಡುಗ ತಾನೇ ಎಳೆದು ನೋಡಿ ಬಿಗಿ ಮಾಡಿದ. ಎಪ್ಪತ್ತು ದಾಟಿದ ನನ್ನ ಅತ್ತೆಯವರನ್ನು ಹಲಗೆಯ ಮೇಲೆ ಕೈಹಿಡಿದು ನಡೆಸಿಕೊಂಡು ಹೋಗಿ ಕೂರಿಸಿದರು. ದಡದಲ್ಲಿ ಕೊಟ್ಟ ಕಾಂದಾ ಪೋಹೆ ಬಿಸಿಯಾಗಿತ್ತು, ಚಹಾ ಚೆನ್ನಾಗಿತ್ತು. ದುರ್ಬೀನುಗಳು ಮಾತ್ರ 22 ಜನಕ್ಕೆ ಮೂರೇ ಇದ್ದವು. ಇಷ್ಟಕ್ಕೇ ಅಂಕ ಕೊಡುವುದಾದರೆ ನಾಲ್ಕು ಕೊಡಬಹುದಾಗಿತ್ತು.

ನಮ್ಮ ಕುಂದಾಪುರದ ಕಡೆ ಹಿನ್ನೀರು ಎನ್ನುವಂಥ ಜಾಗಕ್ಕೆ ಇಲ್ಲಿಯವರು ಖಾಡಿ ಎನ್ನುತ್ತಾರೆ. ಒಂದು ದಡದಲ್ಲಿ ಮುಂಬಯಿ, ಥಾಣೆ, ಇನ್ನೊಂದು ದಡದಲ್ಲಿ ನವಿ ಮುಂಬಯಿ. ಎರಡೂ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಮರಾಠಿಯವರ ತಿವರ. ಇಳಿತದಲ್ಲಿ ನೀರು ಹಿಂದೆ ಸರಿದಾಗ ಕಾಂಡ್ಲಾ ಗಿಡಗಳ ಬುಡದಿಂದ ಹಿಡಿದು ಬಹುದೂರದವರೆಗೆ ಬೂದುಬಣ್ಣದ ಕೆಸರು ಬಯಲು ತೆರೆದುಕೊಳ್ಳುತ್ತದೆ. 2015ರಲ್ಲಿ ಇದರ 1,690 ಹೆಕ್ಟೇರನ್ನು ರಾಜಹಂಸ ಅಭಯಾರಣ್ಯವೆಂದು ಘೋಷಿಸಿದರು. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಭಾಗ ಕಾಂಡ್ಲಾ ಕಾಡು, ಉಳಿದದ್ದು ನೀರು. 2022ರಲ್ಲಿ ಸುತ್ತಲಿನ ಪ್ರದೇಶವನ್ನೂ ಸೇರಿಸಿ 6,521 ಹೆಕ್ಟೇರಿಗೆ ರಾಮ್‌ಸರ್ ತಾಣದ ಮಾನ್ಯತೆ ದೊರೆಯಿತು. ಜೌಗು ಪ್ರದೇಶಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್‌ಸರ್ ನಗರದಲ್ಲಿ ಆದ ಒಪ್ಪಂದದ ಹೆಸರು ಅದು. ಇಷ್ಟು ದೊಡ್ಡ ಊರಿನ ಕೊಳಚೆಯೆಲ್ಲ ಬಂದು ಸೇರುವ ನೀರಿನಲ್ಲಿ ಪಾಚಿ ಹುಲುಸಾಗಿ ಬೆಳೆಯುತ್ತದೆ, ಆ ಪಾಚಿಯನ್ನು ಸೋಸಿ ತಿನ್ನಲು ಕಿರಿಯ ರಾಜಹಂಸ ಎಂಬ ಜಾತಿಯ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಬರುತ್ತವೆ, ಮಳೆಗಾಲದ ಹೊಸ್ತಿಲವರೆಗೂ ಇರುತ್ತವೆ.

ಸಂಸ್ಥೆಯವರ ಜಾಹೀರಾತಿನಲ್ಲಿ ಇದ್ದದ್ದು ಗುಲಾಬಿ ಬಣ್ಣ ಒಂದೇ. ಆದರೆ ಅದೇ ಕೆಸರಿನಲ್ಲಿ, ರಾಜಹಂಸಗಳ ಕಾಲಿನ ಸಂದಿಯಲ್ಲಿಯೇ ಎನ್ನುವಷ್ಟು ಹತ್ತಿರ, ಕಂದು, ಬೂದು ಬಣ್ಣದ ಚಿಕ್ಕ ಚಿಕ್ಕ ಹಕ್ಕಿಗಳು ಗುಂಪುಗುಂಪಾಗಿ ಓಡಾಡುತ್ತಿರುತ್ತವೆ. ಮಾರ್ಗದರ್ಶಕ ಅವುಗಳನ್ನು ಒಟ್ಟಾಗಿ ‘ಛೋಟೇ ಪಕ್ಷಿ’ ಎಂದು ಹೇಳಿ ಮುಂದೆ ಹೋದ. ನನಗೆ ಬೇಸರವಾದದ್ದು ಮೊದಲು ಅಲ್ಲಿಯೇ. ಆ ಗುಂಪಿನಲ್ಲಿ ಕೊಕ್ಕು ಕೆಳಕ್ಕೆ ಬಾಗಿದ ಕರ್ಲ್ಯೂ ಸ್ಯಾಂಡ್‌ಪೈಪರ್‌ಗಳಿದ್ದವು. ತೂಕ 60 ಗ್ರಾಮಿನ ಆಸುಪಾಸು. ಅಂಗೈಯಲ್ಲಿ ಹಿಡಿಯಬಹುದಾದ ಈ ಹಕ್ಕಿ ಮರಿ ಮಾಡುವುದು ಸೈಬೀರಿಯದ ಉತ್ತರದ ತುದಿಯಲ್ಲಿ, ಧ್ರುವ ಪ್ರದೇಶದ ಮರವಿಲ್ಲದ ಬಯಲಿನಲ್ಲಿ. ಅದರ ಪಕ್ಕದಲ್ಲಿ ಇನ್ನೂ ಚಿಕ್ಕದಾದ ಲಿಟಲ್ ಸ್ಟಿಂಟ್, ತುಸು ಆಳದ ನೀರಿನಲ್ಲಿ ನೀಳ ಕೊಕ್ಕಿನ ಕರಿಬಾಲದ ಹಿನ್ನೀರ ಗೊರವ, ದೂರದ ಅಂಚಿನಲ್ಲಿ ಒಂಟಿಯಾಗಿ ನಿಂತ ದೊಡ್ಡ ಗೊರವ. 2024ರ ಅಕ್ಟೋಬರಿನಲ್ಲಿ, ಅಳಿವಿನ ಅಪಾಯದಲ್ಲಿರುವ ಜೀವಿಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಕೆಂಪು ಪಟ್ಟಿಯನ್ನು ಪರಿಷ್ಕರಿಸಿದಾಗ ಕಡಲಂಚಿನ ಇಂಥ ವಲಸೆ ಹಕ್ಕಿಗಳಲ್ಲಿ ಹದಿನಾರು ಜಾತಿಗಳು ಹಿಂದಿಗಿಂತ ಹೆಚ್ಚಿನ ಅಪಾಯದಲ್ಲಿವೆ ಎಂದು ದಾಖಲಾಯಿತು. ಕರ್ಲ್ಯೂ ಸ್ಯಾಂಡ್‌ಪೈಪರ್ ಅವುಗಳಲ್ಲಿ ಒಂದು. ರಾಜಹಂಸವನ್ನು ನೋಡಲು ಬಂದವರಿಗೆ ಇದನ್ನೂ ತೋರಿಸಬೇಕಾದ್ದು ಆ ಸೇವೆಯ ಕರ್ತವ್ಯವೆಂದೇ ನಾನು ತಿಳಿಯುತ್ತೇನೆ.

ಇನ್ನು ದೋಣಿ ಹೊರಡುವ ಹೊತ್ತಿನ ವಿಚಾರ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಮುಂಬಯಿಯ ಭರತ ಮಧ್ಯಾಹ್ನದ ಹೊತ್ತಿಗೆ ತುದಿ ಮುಟ್ಟುತ್ತದೆ, ಇಳಿತ ಬೆಳಗಿನ ಜಾವಕ್ಕೆ ತಳ ಕಾಣುತ್ತದೆ. ಮರುದಿನ ಎಲ್ಲವೂ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಕಡಲಂಚಿನ ಹಕ್ಕಿಗಳ ದಿನಚರಿಯನ್ನು ನಡೆಸುವುದು ಸೂರ್ಯನಲ್ಲ, ಈ ಏರಿಳಿತ. ಕೆಸರು ತೆರೆದಿರುವಷ್ಟು ಹೊತ್ತು, ಹಗಲಾಗಲಿ ರಾತ್ರಿಯಾಗಲಿ, ಅವುಗಳಿಗೆ ಊಟ. ನೀರು ತುಂಬಿದ ಮೇಲೆ ಉಪ್ಪಿನ ಗದ್ದೆಗಳಿಗೋ ಒಳಗಿನ ಕೆರೆಗಳಿಗೋ ಹೋಗಿ ಕಾಲು ಮಡಚಿ ನಿಲ್ಲುವುದು. ದೋಣಿಗಾದರೋ ನೀರು ಬೇಕು. ಹಾಗಾಗಿ ವಿಹಾರದ ದೋಣಿಗಳು ಹೊರಡುವುದು ನೀರು ಅರ್ಧ ಏರಿದಾಗ, ಅಂದರೆ ಕೆಸರು ಬಯಲು ಗಳಿಗೆಗಳಿಗೆಗೂ ಕಿರಿದಾಗುತ್ತ ಹಕ್ಕಿಗಳೆಲ್ಲ ಉಳಿದ ಪಟ್ಟಿಯಲ್ಲಿ ಒತ್ತೊತ್ತಾಗಿ ಸೇರಿಕೊಂಡು ಕೊನೆಯ ತುತ್ತುಗಳನ್ನು ತಿನ್ನುವ ಹೊತ್ತಿನಲ್ಲಿ. ನೋಡುವವರಿಗೆ ಅದು ಅನುಕೂಲದ ಹೊತ್ತು, ಎಲ್ಲ ಹಕ್ಕಿಗಳೂ ಒಂದೇ ಕಡೆ ಸಿಗುತ್ತವೆ. ಹಕ್ಕಿಗಳಿಗೆ ಅದು ಬಿಟ್ಟು ಹೋಗಲು ಬೇರೆ ಜಾಗವಿಲ್ಲದ ಹೊತ್ತು. ಹೀಗಿರುವಾಗ ದೋಣಿ ಹೇಗೆ ನಡೆದುಕೊಳ್ಳುತ್ತದೆ ಎನ್ನುವುದೇ ಈ ಸೇವೆಯ ಒರೆಗಲ್ಲು.

ನಮ್ಮ ದೋಣಿ ಎಂಟೂವರೆಗೆ ಹೊರಟಿತು. ಒಂದು ಗಂಟೆ ನಲವತ್ತು ನಿಮಿಷ ನೀರಿನ ಮೇಲಿದ್ದೆವು. ಅಷ್ಟು ಹೊತ್ತಿನಲ್ಲಿ ನಮ್ಮ ದೋಣಿಯೊಂದೇ ಹಕ್ಕಿಗಳನ್ನು ಐದು ಬಾರಿ ಎಬ್ಬಿಸಿತು. ಐದರಲ್ಲಿ ಎರಡು ಬಾರಿ ಗೊತ್ತಿಲ್ಲದೆ ಆದದ್ದು ಎನ್ನಬಹುದು. ಕಾಲುವೆಯ ತಿರುವಿನಲ್ಲಿ ಹಕ್ಕಿ ಇದ್ದದ್ದು ಚಾಲಕನಿಗೆ ಕಾಣಿಸಲಿಲ್ಲ. ಉಳಿದ ಮೂರು ಬಾರಿ ಬೇಕೆಂದೇ ಎಬ್ಬಿಸಿದ್ದು. ಮಾರ್ಗದರ್ಶಕ ‘ಎಲ್ಲರೂ ಕ್ಯಾಮೆರಾ ಸಿದ್ಧ ಮಾಡಿಕೊಳ್ಳಿ’ ಎಂದ, ಚಾಲಕ ಎಂಜಿನ್ನಿನ ವೇಗ ಹೆಚ್ಚಿಸಿ ಗುಂಪಿನ ಕಡೆಗೆ ಓರೆಯಾಗಿ ದೋಣಿ ತಿರುಗಿಸಿದ, ಸಾವಿರ ರೆಕ್ಕೆಗಳು ಒಮ್ಮೆಗೇ ತೆರೆದುಕೊಂಡವು. ಮೊದಲ ಬಾರಿ ನಮ್ಮ ಮಕ್ಕಳು ಚಪ್ಪಾಳೆ ತಟ್ಟಿದರು, ದೊಡ್ಡವರಾದ ನಾವೂ ತಟ್ಟಿದೆವು. ಮುಂಭಾಗದ ಹಲಗೆಯ ಮೇಲೆ ಕುಳಿತಿದ್ದ ಅತ್ತೆಯವರು ಮಾತ್ರ ಕೈ ಆಡಿಸಲಿಲ್ಲ. ಅವರು ಗಂಗೊಳ್ಳಿಯ ಬಂದರಿನ ಪಕ್ಕದಲ್ಲಿ ಬೆಳೆದವರು. ‘ಉಂಬ್ ಹೊತ್ತಿಗೆ ಯಾರ್ನೂ ಎಬ್ಸುಕಾಗ’ ಎಂದು ಇಷ್ಟೇ ಹೇಳಿದರು. ಎರಡನೆಯ ಬಾರಿ ನಮ್ಮ ದೋಣಿಯಲ್ಲಿ ಚಪ್ಪಾಳೆ ಕಡಿಮೆಯಾಯಿತು, ಮೂರನೆಯ ಬಾರಿ ಯಾರೂ ತಟ್ಟಲಿಲ್ಲ, ಆದರೆ ದೋಣಿ ನಿಲ್ಲಲಿಲ್ಲ.

ಹಕ್ಕಿ ಏಳುವುದಕ್ಕೆ ಮೊದಲು ಏನಾಗುತ್ತದೆ ಎಂಬುದನ್ನು ಅಂದು ನಾನು ದುರ್ಬೀನಿನಲ್ಲಿ ನೋಡುತ್ತಿದ್ದೆ. ರಾಜಹಂಸ ತಿನ್ನುವಾಗ ತಲೆ ತಲೆಕೆಳಗಾಗಿ ನೀರಿನೊಳಗೆ ಇರುತ್ತದೆ, ಕೊಕ್ಕು ಹಿಂದಕ್ಕೆ ಮುಖಮಾಡಿ ಜರಡಿಯಾಡಿದಂತೆ ಅತ್ತಿತ್ತ ಆಡುತ್ತಿರುತ್ತದೆ. ದೋಣಿ ಒಂದು ಅಂತರದೊಳಗೆ ಬಂದೊಡನೆ ಅಂಚಿನಲ್ಲಿದ್ದ ಏಳೆಂಟು ಹಕ್ಕಿಗಳು ಕತ್ತು ಎತ್ತಿ ನೆಟ್ಟಗೆ ನಿಂತವು. ಕೊಕ್ಕಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ತಿನ್ನುವುದು ನಿಂತಿತ್ತು. ಆಮೇಲೆ ಒಳಗಿನವೂ ಕತ್ತೆತ್ತಿದವು, ಚದುರಿದ್ದವು ಒಂದಕ್ಕೊಂದು ಹತ್ತಿರವಾದವು, ಗುಂಪು ಇಡಿಯಾಗಿ ನಮ್ಮಿಂದ ದೂರಕ್ಕೆ ನಡೆಯತೊಡಗಿತು, ಬಾತಿನ ಕೂಗಿನಂಥ ಗದ್ದಲ ಎದ್ದಿತು. ರಾಜಹಂಸ ನಿಂತಲ್ಲಿಂದಲೇ ಹಾರಲಾರದು. ನೀರಿನ ಮೇಲೆ ಕಾಲು ಬಡಿಯುತ್ತ ಹಲವು ಹೆಜ್ಜೆ ಓಡಿ ಮೇಲೇರಬೇಕು. ಕತ್ತು ಎತ್ತಿದ್ದರಿಂದ ಹಿಡಿದು ಓಡತೊಡಗುವವರೆಗೆ ಸುಮಾರು ಒಂದು ನಿಮಿಷ ಇತ್ತು. ನಿಲ್ಲಿ ಎಂದು ಹಕ್ಕಿಗಳು ತಿಳಿಸಿ ಹೇಳಿದ ಆ ಒಂದು ನಿಮಿಷದಲ್ಲಿ ಎಂಜಿನ್ ಆರಿಸಿದ್ದರೆ ಸಾಕಾಗಿತ್ತು.

ರಾಜಹಂಸಗಳೊಡನೆ ಎದ್ದ ಚಿಕ್ಕ ಹಕ್ಕಿಗಳನ್ನು ಯಾರೂ ಗಮನಿಸಲಿಲ್ಲ. ನಾನು ಒಂದು ಗುಂಪನ್ನು ಬಿಡದೆ ನೋಡುತ್ತಿದ್ದೆ. ಅದು ಖಾಡಿಯ ಮೇಲೆ ಮೂರು ಸುತ್ತು ಹಾಕಿತು. ತಿರುಗುವಾಗ ಒಮ್ಮೆ ಬಿಳಿ, ಒಮ್ಮೆ ಕಪ್ಪಾಗಿ ಕಾಣುತ್ತ, ಮೊದಲಿದ್ದ ಜಾಗದಲ್ಲಿ ಇನ್ನೊಂದು ದೋಣಿ ಇದ್ದುದರಿಂದ ಅಲ್ಲಿ ಇಳಿಯದೆ, ಕಾಂಡ್ಲಾದ ಅಂಚಿನಲ್ಲಿ ಇಳಿದು, ಅಲ್ಲಿಯೂ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಕೊನೆಗೆ ಕೊಕ್ಕು ಊರಿದಾಗ ಗಡಿಯಾರದಲ್ಲಿ 11 ನಿಮಿಷ ಕಳೆದಿತ್ತು. ಭರತ ಏರುತ್ತಿದ್ದ ಆ ಹೊತ್ತಿನಲ್ಲಿ 11 ನಿಮಿಷವೆಂದರೆ ಕೆಸರಿನ ಎಷ್ಟೋ ಅಡಿ ನೀರಿನಡಿ ಹೋಗಿಬಿಡುತ್ತದೆ.

ಇದನ್ನು ಇಷ್ಟು ಎಣಿಸುವುದೇಕೆ ಎಂದು ನಮ್ಮ ಜೊತೆಗೆ ಬಂದಿದ್ದ ಹಿರಿಯರೊಬ್ಬರು ಕೇಳಿದರು. ಹಕ್ಕಿ ಎಂದಮೇಲೆ ಹಾರುವುದು ಅದರ ಕೆಲಸವಲ್ಲವೇ ಎಂದರು. ಅವರ ಪ್ರಶ್ನೆ ಸಹಜವಾದದ್ದೇ. ಹಾರುವುದು ಹಕ್ಕಿ ಮಾಡುವ ಕೆಲಸಗಳಲ್ಲೆಲ್ಲ ಹೆಚ್ಚು ಶಕ್ತಿ ಬೇಡುವ ಕೆಲಸ. ಈ ವಲಸೆಗಾರ ಹಕ್ಕಿಗಳಿಗೆ ಇಲ್ಲಿಯ ಕೆಸರು ಚಳಿ ತಪ್ಪಿಸಿಕೊಳ್ಳುವ ಜಾಗ ಮಾತ್ರವಲ್ಲ, ಬುತ್ತಿ ಕಟ್ಟಿಕೊಳ್ಳುವ ಜಾಗ. ಮಾರ್ಚ್, ಏಪ್ರಿಲ್ ಹೊತ್ತಿಗೆ ಅವು ತಿಂದದ್ದನ್ನೆಲ್ಲ ಕೊಬ್ಬಾಗಿ ಮೈಗೂಡಿಸಿಕೊಂಡು ಉತ್ತರಕ್ಕೆ ಹೊರಡುತ್ತವೆ. ದೂರ ಹಾರುವ ಕೆಲವು ಜಾತಿಗಳಲ್ಲಿ ಹೊರಡುವ ಮುನ್ನ ಭಾರ ಇಳಿಸಲು ಹೊಟ್ಟೆ ಕರುಳುಗಳೂ ಕುಗ್ಗುತ್ತವೆ. ಹಿನ್ನೀರ ಗೊರವದ ಹತ್ತಿರದ ಬಳಗಕ್ಕೆ ಸೇರಿದ, ಪಟ್ಟೆಬಾಲದ ಒಂದು ಎಳೆಯ ಹಕ್ಕಿ 2022ರಲ್ಲಿ ಅಲಾಸ್ಕದಿಂದ ಟಾಸ್ಮೇನಿಯದವರೆಗೆ 13,560 ಕಿಲೋಮೀಟರನ್ನು ನಡುವೆ ಎಲ್ಲಿಯೂ ಇಳಿಯದೆ 11 ದಿನಗಳಲ್ಲಿ ಹಾರಿದ್ದು ಅದರ ಬೆನ್ನಿಗೆ ಕಟ್ಟಿದ್ದ ಯಂತ್ರದಲ್ಲಿ ದಾಖಲಾಗಿದೆ. ಅಷ್ಟು ದೂರದ ಲೆಕ್ಕದಲ್ಲಿ ಬದುಕುವ ಜೀವಕ್ಕೆ ಗ್ರಾಮಿನ ಒಂದೊಂದು ಪಾಲೂ ಎಣಿಕೆಗೆ ಬರುತ್ತದೆ. ನಮ್ಮದು ಒಂದು ದೋಣಿ, ಐದು ಬಾರಿ. ಹಿಂದೆ ಮುಂದೆ ಇನ್ನೆರಡು. ಶನಿವಾರ, ಭಾನುವಾರ, ನವೆಂಬರಿನಿಂದ ಮೇ ವರೆಗೆ.

ಹಾರದೆ ನಿಂತ ಹಕ್ಕಿಗೆ ತೊಂದರೆಯೇ ಆಗಿಲ್ಲ ಎಂದು ತಿಳಿಯುವುದೂ ತಪ್ಪು. ಸಾಮಾನ್ಯವಾಗಿ ದೊಡ್ಡ ಮೈಯ ಗೊರವಗಳು ದೂರದಿಂದಲೇ ಏಳುತ್ತವೆ, ಚಿಕ್ಕವು ಹತ್ತಿರ ಬರುವವರೆಗೂ ನಿಲ್ಲುತ್ತವೆ. ‘ಇವಕ್ಕೆ ನಮ್ಮ ಅಭ್ಯಾಸವಾಗಿದೆ’ ಎಂದು ಮಾರ್ಗದರ್ಶಕ ಹೇಳಿದ್ದು ಈ ಚಿಕ್ಕವನ್ನು ನೋಡಿ. ಸ್ಕಾಟ್ಲೆಂಡಿನ ಕಡಲ ದಡದಲ್ಲಿ ಟರ್ನ್‌ಸ್ಟೋನ್ ಎಂಬ ಹಕ್ಕಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೆಚ್ಚುವರಿ ಆಹಾರ ಸಿಕ್ಕಿದ ಹಕ್ಕಿಗಳು ಮನುಷ್ಯ ದೂರದಲ್ಲಿರುವಾಗಲೇ ಹಾರಿಹೋದವು, ಸಿಗದವು ಹೆಚ್ಚು ಹತ್ತಿರದವರೆಗೆ ನಿಂತವು. ಹೊಟ್ಟೆ ತುಂಬಿದವನಿಗೆ ಎದ್ದು ಹೋಗುವ ಅನುಕೂಲವಿದೆ. ಹಸಿದವನು ಹೆದರಿಕೆಯನ್ನು ನುಂಗಿಕೊಂಡು ಎಲೆಯ ಮುಂದೆ ಕೂರುತ್ತಾನೆ. ಆದ್ದರಿಂದ ಎಷ್ಟು ಹತ್ತಿರ ಹೋದರೂ ಏಳದ ಹಕ್ಕಿಯನ್ನು ಕಂಡಾಗ ಇನ್ನಷ್ಟು ಹತ್ತಿರ ಹೋಗುವುದು ನನಗೆ ನಿರ್ದಯವೆನಿಸುತ್ತದೆ.

ವಿಹಾರದ ಇನ್ನೆರಡು ಸಂಗತಿಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಹಿಂತಿರುಗುವಾಗ ಮಕ್ಕಳ ಕೈಗೆ ಗಾಠಿಯಾ ಪೊಟ್ಟಣ ಕೊಟ್ಟು ಕಡಲಹಕ್ಕಿಗಳಿಗೆ ಎಸೆಯಲು ಹೇಳಿದರು. ಗೇಟ್‌ವೇಯಿಂದ ಹೊರಡುವ ದೋಣಿಗಳಲ್ಲಿಯೂ ಇದು ವಾಡಿಕೆಯಾಗಿಬಿಟ್ಟಿದೆ. ಎಣ್ಣೆಯಲ್ಲಿ ಕರಿದ ಉಪ್ಪಿನ ಹಿಟ್ಟು ಮೀನು ತಿನ್ನುವ ಹಕ್ಕಿಯ ಆಹಾರವಲ್ಲ. ನಮ್ಮ ಪೊಟ್ಟಣಗಳನ್ನು ನಾವು ಹಿಂದಿರುಗಿಸಿದೆವು. ಇನ್ನೊಂದು ದೋಣಿಯಿಂದ ಯಾರೋ ಡ್ರೋನ್ ಹಾರಿಸಿದರು. ಮೇಲಿನಿಂದ ಬರುವ ನೆರಳನ್ನು ಹಕ್ಕಿಗಳು ಹದ್ದೆಂದೇ ತಿಳಿದು ದೋಣಿಗಿಂತ ಬಹಳ ಬೇಗ ಎದ್ದವು. ಇದು ಅಭಯಾರಣ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಯಾವ ಕಾಡುಜೀವಿಯನ್ನೂ ಕೆಣಕುವಂತಿಲ್ಲ, ಪೀಡಿಸುವಂತಿಲ್ಲ. ಫೋಟೊಗಾಗಿ ಎಬ್ಬಿಸುವುದು ಕೆಣಕುವುದಲ್ಲದೆ ಇನ್ನೇನು?

ಊರೊಳಗಿನ ಹಾರಾಟ ಹಕ್ಕಿಗೆ ಅಪಾಯದ ಕೆಲಸವೂ ಹೌದು. 2024ರ ಮೇ 20ರ ರಾತ್ರಿ ಘಾಟ್ಕೋಪರಿನ ಮೇಲೆ ಇಳಿಯುತ್ತಿದ್ದ ವಿಮಾನಕ್ಕೆ ಬಡಿದು 39 ರಾಜಹಂಸಗಳು ಸತ್ತು ಬಿದ್ದದ್ದನ್ನು ಈ ಕಡೆಯವರು ಯಾರೂ ಮರೆತಿಲ್ಲ. ಖಾಡಿಯ ಸುತ್ತಲೂ ಗೋಪುರ, ತಂತಿ, ದೀಪ, ಸೇತುವೆ. ಸೇವರಿಯ ಕೆಸರಿನ ಮೇಲೆ ಹಾದುಹೋಗುವ ಅಟಲ್ ಸೇತುವೆ 2024ರ ಜನವರಿಯಲ್ಲಿ ತೆರೆದಾಗ, ಆ ಭಾಗದಲ್ಲಿ ಹಕ್ಕಿಗಳಿಗಾಗಿ ಸದ್ದು ತಡೆಯುವ ಗೋಡೆಗಳನ್ನು ಕಟ್ಟಿದ್ದರು. 21.8 ಕಿಲೋಮೀಟರಿನ ಸೇತುವೆ ಕಟ್ಟುವಾಗ ಅಷ್ಟು ಯೋಚಿಸಲು ಸಾಧ್ಯವಾಗಿರುವಾಗ, ಇಪ್ಪತ್ತೆರಡು ಜನರ ದೋಣಿಯ ಎಂಜಿನ್ ಆರಿಸುವುದು ದೊಡ್ಡ ಕೆಲಸವಲ್ಲ.

ಇದನ್ನೆಲ್ಲ ಸಂಸ್ಥೆಯವರಿಗೆ ಬರೆದು ತಿಳಿಸಿದೆ. ಎರಡು ದಿನಗಳಲ್ಲಿ ಫೋನ್ ಬಂತು. ಮಾತಾಡಿದವರು ಸೌಜನ್ಯದಿಂದಲೇ ಮಾತಾಡಿದರು. ಹಕ್ಕಿಗಳು ಹಾರುವ ಚಿತ್ರ ಸಿಗದಿದ್ದರೆ ಜನ ಹಣ ವಾಪಸು ಕೇಳುತ್ತಾರೆ, ಕಡಿಮೆ ಅಂಕ ಕೊಡುತ್ತಾರೆ, ಹಾಗಾಗಿ ಚಾಲಕರಿಗೆ ನಾವೇ ಹೇಳಿರುತ್ತೇವೆ ಎಂದರು. ಆ ಪ್ರಾಮಾಣಿಕ ಉತ್ತರಕ್ಕೆ ನಾನು ಅವರಿಗೆ ಕೃತಜ್ಞನಾಗಿದ್ದೇನೆ, ಏಕೆಂದರೆ ಈ ವಿಮರ್ಶೆಯನ್ನು ಬರೆಯಲೇಬೇಕೆಂದು ನಿರ್ಧರಿಸಿದ್ದು ಅದನ್ನು ಕೇಳಿದ ಮೇಲೆ. ಹಕ್ಕಿ ಎದ್ದರೆ ಹೆಚ್ಚು ಅಂಕ, ಏಳದಿದ್ದರೆ ಕಡಿಮೆ ಅಂಕ ಎಂಬ ಲೆಕ್ಕವನ್ನು ಹಾಕಿಕೊಟ್ಟವರು ಹಣ ಕೊಡುವ ನಾವು. ನಾನು ಅದನ್ನು ತಿರುಗಿಸಿ ಹಾಕುತ್ತಿದ್ದೇನೆ: ಮೂರು ಬಾರಿ ಬೇಕೆಂದೇ ಎಬ್ಬಿಸಿದ್ದಕ್ಕೆ ಮೂರು ಅಂಕ ಕಳೆದು ಐದಕ್ಕೆ ಎರಡು.

ಹಾಗಲ್ಲದೆ ನಡೆಸಲು ಸಾಧ್ಯವೇ ಎಂದು ನೋಡಲು ಮಾರ್ಚ್ ತಿಂಗಳ ಅಮಾವಾಸ್ಯೆಯ ಮರುದಿನ ಇನ್ನೊಮ್ಮೆ ಹೋದೆ. ಈ ಬಾರಿ ಕೋಳಿ ಸಮುದಾಯದ ಹಿರಿಯ ಮೀನುಗಾರರೊಬ್ಬರ ಚಿಕ್ಕ ದೋಣಿ. ಅವರನ್ನು ಇಲ್ಲಿ ಎಲ್ಲರೂ ನಾಖವಾ ಎನ್ನುತ್ತಾರೆ, ನಮ್ಮ ಕಡೆಯ ತಾಂಡೇಲನಿದ್ದ ಹಾಗೆ. ಅರಣ್ಯ ಇಲಾಖೆಯ ಅನುಮತಿ ಪತ್ರವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಹಲಗೆಯ ಕೆಳಗೆ ಇಟ್ಟುಕೊಂಡಿದ್ದರು. ಆರು ಜನಕ್ಕಿಂತ ಹೆಚ್ಚು ಕೂರಿಸುವುದಿಲ್ಲ. ಪೋಹೆ ಇಲ್ಲ, ಮಾರ್ಗದರ್ಶಕ ಇಲ್ಲ, ದುರ್ಬೀನು ನಾವೇ ಒಯ್ಯಬೇಕು. ಜಾಕೆಟ್‌ಗಳು ಹಳೆಯವು, ಒಂದರ ಗುಂಡಿ ಮುರಿದಿತ್ತು. ಇದನ್ನು ಅವರು ಸರಿಪಡಿಸಲೇಬೇಕು.

ಹಕ್ಕಿಗಳು ಇನ್ನೂ ಗುಲಾಬಿ ಗೆರೆಯಂತೆ ಕಾಣುತ್ತಿರುವಾಗಲೇ ನಾಖವಾ ಎಂಜಿನ್ ಆರಿಸಿ, ಉದ್ದನೆಯ ಗಳು ಕೆಸರಿಗೆ ಊರಿ, ದೋಣಿಯನ್ನು ಕಾಲುವೆಯ ಅಂಚಿಗೆ ತಂದು ನಿಲ್ಲಿಸಿದರು. ‘ಕಾಕಾ, ಇನ್ನೂ ಸ್ವಲ್ಪ ಮುಂದೆ?’ ಎಂದು ನಮ್ಮಲ್ಲೊಬ್ಬರು ಮರಾಠಿಯಲ್ಲಿ ಕೇಳಿದ್ದಕ್ಕೆ, ‘ಮಾನ ವರ ಕೇಲೀ ಕೀ ಥಾಂಬಾಯಚಂ’ ಎಂದರು. ಕತ್ತು ಮೇಲಕ್ಕೆತ್ತಿದರೆ ನಿಲ್ಲಬೇಕು. ಅಂಚಿನ ಎರಡು ಹಕ್ಕಿಗಳು ಕತ್ತೆತ್ತಿದ್ದನ್ನು ಅವರು ದುರ್ಬೀನಿಲ್ಲದೆ ಕಂಡಿದ್ದರು. ನಾವು ಸುಮ್ಮನೆ ಕುಳಿತೆವು. ಐದಾರು ನಿಮಿಷಗಳಲ್ಲಿ ಆ ಎರಡು ಕತ್ತುಗಳೂ ಕೆಳಗಿಳಿದವು. ಆಮೇಲಿನ ಕೆಲಸವನ್ನೆಲ್ಲ ಭರತವೇ ಮಾಡಿತು. ನೀರು ಏರಿದಂತೆ ಕೆಸರಿನ ಪಟ್ಟಿ ನಮ್ಮ ಕಡೆಗೆ ಕಿರಿದಾಗುತ್ತ ಬಂತು, ಪಟ್ಟಿಯ ಜೊತೆಗೆ ಹಕ್ಕಿಗಳೂ ತಿನ್ನುತ್ತ ತಿನ್ನುತ್ತ ನಮ್ಮ ಕಡೆಗೇ ಬಂದವು. ಮುಕ್ಕಾಲು ಗಂಟೆಯ ಹೊತ್ತಿಗೆ ಕರ್ಲ್ಯೂ ಸ್ಯಾಂಡ್‌ಪೈಪರ್‌ಗಳು ಬರಿಗಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿದ್ದವು. ಚಳಿಗಾಲದ ಬೂದು ಗರಿಗಳ ನಡುವೆ ಎದೆಯ ಮೇಲೆ ಇಟ್ಟಿಗೆ ಬಣ್ಣ ಅಲ್ಲಲ್ಲಿ ಮೂಡುತ್ತಿತ್ತು, ಅದು ಹೊರಡುವ ದಿನ ಹತ್ತಿರವಾದದ್ದರ ಗುರುತು. ಒಂದು ಹಕ್ಕಿ ಕೊಕ್ಕನ್ನು ಬುಡದವರೆಗೂ ಕೆಸರಿಗೆ ಹುಗಿದು ಕೆಂಪು ಹುಳವೊಂದನ್ನು ಹಿಡಿಯಿತು. ಹುಳ ತುಂಡಾಗದಂತೆ ಒಮ್ಮೆ ಎಳೆದು, ಒಮ್ಮೆ ಸಡಿಲಿಸಿ, ಪೂರಾ ಹೊರಬಂದ ಮೇಲೆ ಪಕ್ಕದ ನೀರಿನಲ್ಲಿ ಅದ್ದಿ ತೊಳೆದು ನುಂಗಿತು. ಜನವರಿಯಲ್ಲಿ 1,200 ರೂಪಾಯಿ ಕೊಟ್ಟು ಇಂಥದ್ದೊಂದನ್ನೂ ನಾನು ನೋಡಿರಲಿಲ್ಲ.

ಹನ್ನೊಂದೂವರೆಯ ಸುಮಾರಿಗೆ ಕೊನೆಯ ಕೆಸರಿನ ಮೇಲೂ ನೀರು ಬಂತು. ಹಕ್ಕಿಗಳು ಗದ್ದಲವಿಲ್ಲದೆ ಒಂದೊಂದು ಗುಂಪಾಗಿ ಎದ್ದು ಭಾಂಡುಪ್ ಕಡೆಯ ಉಪ್ಪಿನ ಗದ್ದೆಗಳತ್ತ ಹೋದವು, ಕೆಲವು ನಮ್ಮ ತಲೆಯ ಮೇಲಿಂದಲೇ ಹೋದವು. ಹಾರುವ ಚಿತ್ರ ಬೇಕಾದವರಿಗೆ ಅದೂ ಸಿಕ್ಕಿತು, ರೆಕ್ಕೆಯ ಕೆಳಗಿನ ಕಪ್ಪು, ಕೆಂಪು ಎರಡೂ ಸ್ಪಷ್ಟವಾಗಿ. ಈ ದೋಣಿಗೆ ನಾನು ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಜಾಕೆಟ್ಟಿನ ಗುಂಡಿಗೆ.

ಹೋಗುವವರಿಗೆ ನನ್ನ ಸಲಹೆ ಇಷ್ಟು. ಐರೋಲಿಯಲ್ಲಿ ಅರಣ್ಯ ಇಲಾಖೆಯ ಕಡಲ ಜೀವವೈವಿಧ್ಯ ಕೇಂದ್ರವಿದೆ. ಮಕ್ಕಳನ್ನು ಕರೆದೊಯ್ಯುವವರು ಮೊದಲು ಅದನ್ನು ನೋಡಿಕೊಂಡರೆ ಆಮೇಲೆ ದೋಣಿಯಲ್ಲಿ ಕಾಣುವುದು ಅರ್ಥವಾಗುತ್ತದೆ. ಯಾವ ದೋಣಿಯೇ ಆಗಲಿ, ಹಣ ಕೊಡುವ ಮೊದಲೇ ಎಂಜಿನ್ ಎಲ್ಲಿ ಆರಿಸುತ್ತೀರಿ ಎಂದು ಕೇಳಿ. ಆ ಪ್ರಶ್ನೆಗೆ ಉತ್ತರ ಗೊತ್ತಿರುವವರ ದೋಣಿಯನ್ನೇ ಹತ್ತಿ, ಹತ್ತಿರ ಕರೆದೊಯ್ಯುತ್ತೇವೆ ಎಂದು ತಾವಾಗಿ ಹೇಳುವವರದನ್ನು ಬಿಡಿ. ಕಡು ಬಣ್ಣದ ಬಟ್ಟೆ ಬೇಡ, ಟೊಪ್ಪಿಗೆ ಬೇಕು, ಎರಡೂವರೆ ಗಂಟೆ ಮಾತಿಲ್ಲದೆ ಕೂರಲು ಆಗದ ತೀರ ಚಿಕ್ಕ ಮಕ್ಕಳನ್ನು ಇನ್ನೊಂದು ವರ್ಷ ಬಿಟ್ಟು ಕರೆದೊಯ್ಯಿರಿ. ನವೆಂಬರ್ ಕೊನೆಯ ಹುಣ್ಣಿಮೆಯ ಹೊತ್ತಿಗೆ ನಾಖವಾರ ದೋಣಿಯಲ್ಲಿ ಆರು ಜಾಗಗಳನ್ನೂ ಈಗಲೇ ಹೇಳಿಟ್ಟಿದ್ದೇನೆ. ಒಂದು ಅತ್ತೆಯವರದು, ಮುಂಭಾಗದ ಹಲಗೆಯ ಮೇಲೆ.